ಮನೆ ಬಿಡುವ ದಿನಕ್ಕಾಗಿ ಒಂದು ಕರಾರು

ಬಾಡಿಗೆ ಕರಾರನ್ನು ನಾವೆಲ್ಲ ಬರೆಸುವುದು ಮನೆಗೆ ಬರುವ ಹೊತ್ತಿಗೆ. ಆಗ ಎಲ್ಲರೂ ಖುಷಿಯಲ್ಲಿರುತ್ತಾರೆ. ಒಳ್ಳೆ ಜನ ಸಿಕ್ಕರು ಅಂತ ಓನರ್‌ಗೆ ಸಮಾಧಾನ, ಒಳ್ಳೆ ಮನೆ ಸಿಕ್ಕಿತು ಅಂತ ಬಾಡಿಗೆಯವರಿಗೆ ಸಮಾಧಾನ. ಹಾಲು ಉಕ್ಕಿಸುವ ಗಡಿಬಿಡಿಯಲ್ಲಿ ಕಾಗದವನ್ನು ಪೂರ್ತಿ ಓದುವವರು ಯಾರು? ಆದರೆ ಆ ಕಾಗದ ನಿಜವಾಗಿ ಕೆಲಸಕ್ಕೆ ಬರುವುದು ಮನೆ ಬಿಡುವಾಗ. ಅಡ್ವಾನ್ಸ್ ಎಷ್ಟು ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯಬೇಕು, ಗೀಸರ್ ಕೆಟ್ಟಿದ್ದು ಯಾರ ಲೆಕ್ಕ. ಜಗಳ ಎಲ್ಲ ಅಲ್ಲೇ.

ನನಗೆ ಇದು ಎರಡೂ ಕಡೆಯಿಂದ ಗೊತ್ತು. ಬೆಂಗಳೂರಿನಲ್ಲಿ ನಾನು ಬಾಡಿಗೆ ಮನೆಯಲ್ಲಿದ್ದೇನೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೇ ಮನೆ ಇದೆ. ಅಮ್ಮ ನಮ್ಮ ಜೊತೆ ಬಂದ ಮೇಲೆ ಆ ಮನೆಯನ್ನು ಬಾಡಿಗೆಗೆ ಕೊಡೋಣ ಅಂತಾಯಿತು. ಬೀಗ ಹಾಕಿಟ್ಟ ಮನೆ ಬೇಗ ಹಾಳಾಗುತ್ತದೆ, ಅಲ್ವಾ? ಹೀಗಾಗಿ ಒಂದೇ ವರ್ಷ ಒಂದು ಕರಾರಿಗೆ ಬಾಡಿಗೆದಾರನಾಗಿ ಸಹಿ ಹಾಕಿದೆ, ಇನ್ನೊಂದನ್ನು ಓನರ್ ಕಡೆಯವನಾಗಿ ಬರೆಸಿದೆ.

ಕೋರ್ಟ್ ಹತ್ತಿರದ ಡಿಟಿಪಿ ಅಂಗಡಿಗೆ ಹೋದರೆ, "ಫಾರ್ಮ್ಯಾಟ್ ರೆಡಿ ಇದೆ ಸಾರ್. ಹೆಸರು, ಬಾಡಿಗೆ, ಅಡ್ವಾನ್ಸ್ ಹೇಳಿ, ಹತ್ತು ನಿಮಿಷ" ಅಂದರು. ಸ್ಕ್ರೀನ್ ಮೇಲೆ ಅದನ್ನು ಓದಿದೆ. "ಬರೆದುಕೊಟ್ಟ ಮನೆ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ" ಅಂತ ಗಂಭೀರವಾಗಿ ಶುರುವಾಗುತ್ತದೆ. ಆಮೇಲೆ ಬಾಡಿಗೆಯವರು ಮಾಡಬಾರದ ಕೆಲಸಗಳು ಒಂದು ಪುಟ. ಮೊಳೆ ಹೊಡೆಯಬಾರದು, ಒಳಬಾಡಿಗೆಗೆ ಕೊಡಬಾರದು, ಸ್ಫೋಟಕ ವಸ್ತು ಇಡಬಾರದು. ಓನರ್ ಏನು ಮಾಡಬೇಕು ಅನ್ನುವುದಕ್ಕೆ ಒಂದೂವರೆ ಸಾಲು. ಅಡ್ವಾನ್ಸ್ ಬಗ್ಗೆ "ಮನೆ ಖಾಲಿ ಮಾಡಿದಾಗ ಬಾಕಿ ಕಳೆದು ಹಿಂದಿರುಗಿಸತಕ್ಕದ್ದು" ಅಂತಷ್ಟೇ. ಯಾವ ಬಾಕಿ, ಲೆಕ್ಕ ಹಾಕುವವರು ಯಾರು, ಎಷ್ಟು ದಿನದಲ್ಲಿ ಕೊಡಬೇಕು, ಒಂದೂ ಇಲ್ಲ. ನನ್ನ ಬೆಂಗಳೂರಿನ ಕರಾರಿನಲ್ಲೂ ಹೆಚ್ಚುಕಮ್ಮಿ ಇದೇ ಸಾಲು. ಆ ಫೈಲನ್ನು ವಾಟ್ಸಾಪ್‌ಗೆ ಹಾಕಿಸಿಕೊಂಡು ಮನೆಗೆ ಬಂದೆ. ಬಾಡಿಗೆದಾರನ ಕಣ್ಣಿನಿಂದ ಒಂದು ಸಲ, ಓನರ್ ಕಣ್ಣಿನಿಂದ ಒಂದು ಸಲ ಓದಿ ತಿದ್ದಲು ಕುಳಿತೆ.

ಮೊದಲ ಪ್ರಶ್ನೆ, ಸಹಿ ಯಾರದು? ಸೈಟು ಕೊಂಡಿದ್ದು ಅಮ್ಮನ ಹೆಸರಿನಲ್ಲಿ. ಕ್ರಯಪತ್ರ, ಖಾತೆ, ಕಂದಾಯ ಎಲ್ಲ ಅವರ ಹೆಸರಿನಲ್ಲೇ ಇದೆ. ಅಂದ ಮೇಲೆ ಮಾಲೀಕರು ಅವರೇ. ಓಡಾಟ ನನ್ನದು, ಸಹಿ ಅಮ್ಮನದು. ಎಷ್ಟೋ ಮನೆಗಳಲ್ಲಿ ಮಗನೇ "ಓನರ್" ಅಂತ ಸಹಿ ಹಾಕಿರುತ್ತಾನೆ, ಬಾಡಿಗೆಯೂ ಅವನ ಖಾತೆಗೇ ಬರುತ್ತದೆ. ಎಲ್ಲ ಚೆನ್ನಾಗಿರುವ ತನಕ ಯಾರೂ ಕೇಳುವುದಿಲ್ಲ. ನೋಟಿಸ್ ಕಳಿಸಬೇಕಾಗಿ ಬಂದಾಗ "ನೀವ್ಯಾರು ಸ್ವಾಮಿ?" ಅನ್ನುವ ಮಾತು ಬರುತ್ತದೆ. ಬೇರೆಯವರು ಸಹಿ ಹಾಕಲೇಬೇಕಾದರೆ ಮಾಲೀಕರಿಂದ ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳಬೇಕು.

ಹೊರದೇಶದಲ್ಲಿರುವ ನಮ್ಮವರಿಗೆ ಇಲ್ಲಿ ಎರಡು ಮಾತು. ಅಲ್ಲಿಂದ ಕಳಿಸುವ ಪವರ್ ಆಫ್ ಅಟಾರ್ನಿಗೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇನ್ನೊಂದು ತೆರಿಗೆಯದು. ಓನರ್ ಅನಿವಾಸಿ ಆಗಿದ್ದರೆ ತೆರಿಗೆ ಹಿಡಿದು ಬಾಕಿ ಬಾಡಿಗೆ ಕೊಡುವ ಹೊಣೆ ಬಾಡಿಗೆಯವರ ಮೇಲೆ ಬೀಳುತ್ತದೆ. ಇಲ್ಲೇ ಇರುವ ಓನರ್ ಆದರೆ ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದಾಗ ಮಾತ್ರ ಆ ತಲೆನೋವು. ಹಾಗೆ ಹಿಡಿಯುವ ತೆರಿಗೆಯ ದರ 2024ರ ಅಕ್ಟೋಬರ್‌ನಿಂದ ಶೇ. 2ಕ್ಕೆ ಇಳಿಯಿತು. ಅನಿವಾಸಿ ಓನರ್‌ಗೆ ಆ ಮಿತಿಯ ರಿಯಾಯಿತಿ ಇಲ್ಲ. ದರ ಶೇ. 30ರ ಮೇಲೆಯೇ. ಪಾಪ, ಹದಿನೈದು ಸಾವಿರ ಬಾಡಿಗೆ ಕಟ್ಟುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಹೇಳುವುದು ಓನರ್ ಕೆಲಸ.

ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಅಂತ ಅಮ್ಮ ಕೇಳಿದರು. ಅಕ್ಕಪಕ್ಕದವರು ಅವರಿಗೆ, "ಒಂದು ವರ್ಷ ಆಯ್ತು ಅಂದ್ರೆ ಬಾಡಿಗೆಯವರಿಗೆ ಹಕ್ಕು ಬಂದ್‌ಬಿಡುತ್ತೆ, ಅದಕ್ಕೆ ಹನ್ನೊಂದು" ಅಂತ ಹೇಳಿದ್ದರು. ಅದು ಹಾಗಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಜನ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಅಷ್ಟೇ. ನೋಟರಿ ಸೀಲು ನೋಂದಣಿಗೆ ಸಮ ಅಲ್ಲ. ಮೂರು ವರ್ಷದ ಕರಾರು ಬರೆದು ನೋಟರಿ ಸೀಲು ಒತ್ತಿಸಿಕೊಂಡು ಬಂದರೆ ಆ ಮೂರು ವರ್ಷಕ್ಕೆ ಬಲ ಬರುವುದಿಲ್ಲ.

"ಹನ್ನೆರಡು ವರ್ಷ ಇದ್ದರೆ ಮನೆ ಅವರದೇ" ಅನ್ನುವುದು ಇನ್ನೊಂದು ಭಯ. ಹನ್ನೆರಡು ವರ್ಷದ ಲೆಕ್ಕ ಬರುವುದು ಮಾಲೀಕನ ಹಕ್ಕನ್ನೇ ಒಪ್ಪದೆ, ಇದು ನನ್ನದು ಅಂತ ರಾಜಾರೋಷವಾಗಿ ಜಾಗ ಹಿಡಿದುಕೊಂಡವರಿಗೆ. ಬಾಡಿಗೆದಾರ ಮನೆ ಒಳಗೆ ಬಂದಿದ್ದೇ ನಿಮ್ಮ ಒಪ್ಪಿಗೆಯಿಂದ. ಬಾಡಿಗೆಗೆ ಅಂತ ಬಂದು ಒಳಗೆ ಕುಳಿತಿರುವಾಗ "ಮನೆ ನಿಮ್ಮದಲ್ಲ" ಅನ್ನಲು ಸಾಕ್ಷ್ಯ ಕಾನೂನೇ ಬಿಡುವುದಿಲ್ಲ. ಅದಕ್ಕೇ ಕರಾರು ಇರಬೇಕು, ಬಾಡಿಗೆ ಬ್ಯಾಂಕ್ ಮೂಲಕ ಬರಬೇಕು. ಇವರು ನನ್ನ ಬಾಡಿಗೆದಾರರು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಹನ್ನೊಂದು ತಿಂಗಳು ಮುಗಿದು ಹೊಸ ಕಾಗದ ಬರೆಸದೆ ಬಾಡಿಗೆ ತೆಗೆದುಕೊಳ್ಳುತ್ತಲೇ ಹೋದರೆ? ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಹದಿನೈದು ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು. ಮಕ್ಕಳ ಶಾಲೆ ಇರುವ ಸಂಸಾರಕ್ಕೆ ಹದಿನೈದು ದಿನ ಯಾವ ಮೂಲೆಗೆ? ನಾವು ಎರಡೂ ಕಡೆಗೆ ಎರಡು ತಿಂಗಳು ಅಂತ ಬರೆದೆವು. ನನ್ನ ಬೆಂಗಳೂರಿನ ಕರಾರಿನಲ್ಲಿ ನಾನು ಮೂರು ತಿಂಗಳು ಮೊದಲು ಹೇಳಬೇಕು, ಓನರ್ ಒಂದು ತಿಂಗಳು ಮೊದಲು ಹೇಳಿದರೆ ಸಾಕು. ಇದು ಯಾವ ನ್ಯಾಯ?

ಬಾಡಿಗೆ ನಿಯಂತ್ರಣದ ಕಾನೂನು ಇಲ್ಲವಾ ಅಂತ ನೀವು ಕೇಳಬಹುದು. ಇದೆ, ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಮೈಸೂರಿನಲ್ಲಿ ಆ ದುಡ್ಡಿಗೆ ಒಂದು ಒಳ್ಳೆ ರೂಮೂ ಸಿಗುವುದು ಕಷ್ಟ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದು ಹೆಸರೇ ಹೇಳುವ ಹಾಗೆ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿ. ಹಾಗಾಗಿ ನಮ್ಮಂಥ ಸಾಮಾನ್ಯ ಮನೆಗಳಿಗೆ ಉಳಿಯುವುದು 1882ರ ಆ ಹಳೆ ಕಾಯ್ದೆ ಮತ್ತು ನಾವು ಬರೆದುಕೊಂಡ ಕಾಗದ. ಕಾಗದದಲ್ಲಿ ಬರೆಯದೆ ಬಿಟ್ಟಿದ್ದಕ್ಕೆ ಬ್ರಿಟಿಷರ ಕಾಲದ ಕಾಯ್ದೆ ಉತ್ತರ ಕೊಡುತ್ತದೆ. ಅದಕ್ಕಿಂತ ನಾವೇ ಕುಳಿತು ಬರೆಯುವುದು ವಾಸಿ.

ಆ ಮಾದರಿ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಅದನ್ನು ನಾನು ಹೆಚ್ಚುಕಮ್ಮಿ ಹಾಗೇ ಎತ್ತಿಕೊಂಡೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಇವೆಲ್ಲ ಮಾಲೀಕರದು. ನಲ್ಲಿಯ ವಾಷರ್, ಚರಂಡಿ ಕಟ್ಟಿಕೊಂಡರೆ ಬಿಡಿಸುವುದು, ಸ್ವಿಚ್ಚು, ಗೀಸರ್ ರಿಪೇರಿ, ಒಡೆದ ಗಾಜು ಬಾಡಿಗೆಯವರದು. ಇಷ್ಟು ಬರೆದಿದ್ದರೆ ಭಾನುವಾರ ಬೆಳಗ್ಗೆ ಫೋನ್ ಬರುವುದು ಅರ್ಧ ಕಡಿಮೆಯಾಗುತ್ತದೆ. ಗೀಸರ್ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಬದಲಿಸಿದೆವು. ನಮ್ಮ ಗೀಸರ್ ಹಳೆಯದು. ರಿಪೇರಿ ಅವರದು, ಪೂರ್ತಿ ಹೋದರೆ ಹೊಸದು ನಮ್ಮದು.

ಈಗ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಇಡುವ ರೂಢಿ ಬಹಳ ಕಾಲದಿಂದ ಇದೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ. ಕೊಡುವ ಕಡೆ ನಿಂತವನಿಗೆ ಹತ್ತು ತಿಂಗಳ ಭಾರ ಗೊತ್ತು. ಅದು ನನ್ನ ದುಡ್ಡು, ಬಡ್ಡಿ ಇಲ್ಲದೆ ಇನ್ನೊಬ್ಬರ ಹತ್ತಿರ ಕುಳಿತಿರುತ್ತದೆ. ಪಡೆಯುವ ಕಡೆ ನಿಂತಾಗ ಭಯವೂ ಅರ್ಥವಾಯಿತು. ಎರಡು ತಿಂಗಳು ಬಾಡಿಗೆ ನಿಂತು, ಕರೆಂಟ್ ಬಿಲ್ ಬಾಕಿ ಉಳಿಸಿ ಹೋದರೆ ಅಮ್ಮ ಯಾರನ್ನು ಕೇಳಬೇಕು? 16,000 ಬಾಡಿಗೆಗೆ 60,000 ಅಡ್ವಾನ್ಸ್ ಅಂತ ನಿಂತಿತು. ಮೊತ್ತಕ್ಕಿಂತ ವಾಪಸ್ ಕೊಡುವ ಸಾಲಿನ ಮೇಲೆ ಜಾಸ್ತಿ ಹೊತ್ತು ಕುಳಿತೆವು. ಕೊನೆಗೆ ಬರೆದಿದ್ದು ಹೀಗೆ. ಕೀ ಕೊಟ್ಟ ದಿನವೇ ಇಬ್ಬರೂ ಸೇರಿ ಮನೆ ನೋಡಬೇಕು. ಕಳೆಯುವುದೇನಿದ್ದರೂ ಅಲ್ಲೇ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಜಗಳವಿಲ್ಲದ ಮೊತ್ತ ಅವತ್ತೇ ಖಾತೆಗೆ ಹೋಗಬೇಕು. ರಿಪೇರಿಗೆ ಹಿಡಿದ ದುಡ್ಡಿಗೆ ಹದಿನೈದು ದಿನದೊಳಗೆ ಬಿಲ್ ತೋರಿಸಬೇಕು, ಇಲ್ಲದಿದ್ದರೆ ಅದೂ ವಾಪಸ್.

"ಕೊನೇ ತಿಂಗಳುಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ" ಅನ್ನುವ ಬಾಡಿಗೆಯವರ ಮೇಲೆ ಓನರ್‌ಗಳಿಗೆ ಕೋಪ. ಅವರು ಯಾಕೆ ಹಾಗೆ ಹೇಳುತ್ತಾರೆ ಅಂತ ಯೋಚಿಸಿದ್ದೀರಾ? ಹಿಂದಿನ ಮನೆಯಲ್ಲಿ ಅಡ್ವಾನ್ಸ್ ವಾಪಸ್ ಬರಲು ತಿಂಗಳುಗಟ್ಟಲೆ ಅಲೆದಿರುತ್ತಾರೆ. ವಾಪಸ್ ಬರುವ ದಿನ ಕಾಗದದಲ್ಲಿ ಇದ್ದರೆ ಆ ಮಾತಿಗೆ ಕಾರಣವೇ ಇರುವುದಿಲ್ಲ.

ಸುಣ್ಣಬಣ್ಣದ್ದು ದೊಡ್ಡ ಪುರಾಣ. ಎಷ್ಟು ವರ್ಷ ಇದ್ದರೂ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಟ್ ಅನ್ನುವುದು ಬೆಂಗಳೂರಿನಲ್ಲಿ ಶಾಸನದ ಹಾಗೆ ಆಗಿಬಿಟ್ಟಿದೆ. ಆದರೆ ಆ 1882ರ ಕಾಯ್ದೆ ಏನು ಹೇಳುತ್ತದೆ? ಮನೆಯನ್ನು ಪಡೆದಾಗ ಹೇಗಿತ್ತೋ ಹಾಗೆ ವಾಪಸ್ ಕೊಡಬೇಕು, ಬಳಸಿ ಸಹಜವಾಗಿ ಸವೆದಿದ್ದನ್ನು ಬಿಟ್ಟು. ನಾಲ್ಕು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸುವುದು ಸಹಜ. ಅಷ್ಟು ವರ್ಷ ಬಾಡಿಗೆ ತೆಗೆದುಕೊಂಡಿದ್ದೂ ಅದಕ್ಕೇ ತಾನೇ? ಗೋಡೆ ಕೊರೆದು ಟಿವಿ ಹಾಕಿ, ತೂತು ಹಾಗೇ ಬಿಟ್ಟು ಹೋದರೆ ಅದು ಬೇರೆ ಮಾತು. ನಮ್ಮ ಕರಾರಿನಲ್ಲಿ ಎರಡು ವರ್ಷ ದಾಟಿದ ಮೇಲೆ ಬಿಟ್ಟರೆ ಸುಣ್ಣಬಣ್ಣ ಮಾಲೀಕರದು, ಅದಕ್ಕೂ ಮುಂಚೆ ಬಿಟ್ಟರೆ ಅರ್ಧರ್ಧ. ಇದನ್ನು ಕೇಳಿದ ಬ್ರೋಕರ್ ನಕ್ಕರು. "ಸಾರ್, ನೀವೂ ಬಾಡಿಗೆಗೆ ಇದ್ದೀರಾ?" ಅಂದರು.

ಬಾಡಿಗೆ ಏರಿಕೆ ವರ್ಷಕ್ಕೆ ಶೇ. 5. ಇದರಲ್ಲಿ ಮಾತು ಬೆಳೆಯಲಿಲ್ಲ.

ಶೆಡ್ಯೂಲ್ ಬರೆಯುವಾಗ ಮಾತ್ರ ಮನಸ್ಸು ಸ್ವಲ್ಪ ಕೆಟ್ಟಿತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಅಂತ ಚಕ್ಕುಬಂದಿ ಬರೆದು, ಕೆಳಗೆ ಒಂದು ಹಾಲ್, ಒಂದು ಅಡುಗೆಮನೆ, ಎರಡು ಕೋಣೆ ಅಂತ ಎಣಿಸಬೇಕು. ನಾನು ಎಸ್ಸೆಸ್ಸೆಲ್ಸಿಗೆ ಓದಿದ ಕೋಣೆ "ಬೆಡ್‌ರೂಂ 2" ಆಯಿತು. ಹಿಂದಿನ ಸಣ್ಣ ಸ್ಟೋರ್ ರೂಮಿಗೆ ಬೀಗ. ಅಲ್ಲಿ ಅಪ್ಪನ ಪುಸ್ತಕದ ಬೀರು, ಟ್ರಂಕು, ಅಮ್ಮನ ದೊಡ್ಡ ದೊಡ್ಡ ಹಿತ್ತಾಳೆ ಪಾತ್ರೆಗಳು. ಆ ಕೋಣೆ ಬಾಡಿಗೆಗೆ ಸೇರಿಲ್ಲ ಅಂತ ಬರೆಯಲೇಬೇಕು. ಜೊತೆಗೆ, ನಾವು ಅದನ್ನು ತೆಗೆಯಲು ಬಂದಾಗ ಒಂದು ದಿನ ಮೊದಲೇ ತಿಳಿಸುತ್ತೇವೆ ಅಂತಲೂ. ಸ್ವಂತ ಮನೆ ಅಂತ ಕೀ ತಿರುಗಿಸಿಕೊಂಡು ಒಳಗೆ ನುಗ್ಗುವ ಓನರ್‌ಗಳಿದ್ದಾರೆ. ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ಸಂಸಾರ.

ಸಾಮಾನಿನ ಪಟ್ಟಿ ಇನ್ನೊಂದು ಹಾಳೆ. ಫ್ಯಾನು, ಟ್ಯೂಬ್‌ಲೈಟು ಎಣಿಸಿದರೆ ಸಾಲದು, ಇರುವ ಸ್ಥಿತಿಯನ್ನೂ ಬರೆಯಬೇಕು. "ಅಡುಗೆ ಕಟ್ಟೆಯ ಗ್ರಾನೈಟ್‌ನಲ್ಲಿ ಸಿಂಕಿನ ಎಡಕ್ಕೆ ಒಂದು ಗೇಣುದ್ದ ಬಿರುಕು ಈಗಾಗಲೇ ಇದೆ." "ಯುಪಿಎಸ್ ಬ್ಯಾಟರಿ ಹಳೆಯದು." "ಬಾತ್‌ರೂಂ ಬಾಗಿಲಿನ ಕೆಳಗೆ ಮರ ಉಬ್ಬಿದೆ." ಬಾಡಿಗೆಗೆ ಬಂದ ಹುಡುಗಿ ಬ್ಯಾಂಕ್‌ನಲ್ಲಿ ಕೆಲಸ ಮಾಡುವವರು. ಪಟ್ಟಿ ಹಿಡಿದು ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿದರು. ಹಿಂದಿನ ಬಾಲ್ಕನಿಯ ಸ್ವಿಚ್ ಕೆಲಸ ಮಾಡುತ್ತಿರಲಿಲ್ಲ. "ಆಂಟಿ, ಇದನ್ನೂ ಬರೀತೀನಿ" ಅಂದರು. ಅಮ್ಮನಿಗೆ ಆಕೆ ಅಲ್ಲೇ ಇಷ್ಟವಾದರು. ಪಟ್ಟಿಯ ಜೊತೆ ಮೊಬೈಲ್‌ನಲ್ಲಿ ಮನೆಯ ವಿಡಿಯೊ ಮಾಡಿ ಇಬ್ಬರೂ ಇಟ್ಟುಕೊಂಡೆವು. ಮನೆ ಬಿಡುವ ದಿನ ಈ ಹಾಳೆಯಷ್ಟು ಮಾತಾಡುವುದು ಬೇರೆ ಯಾವುದೂ ಇಲ್ಲ.

ಹಿತ್ತಿಲಲ್ಲಿ ಎರಡು ತೆಂಗಿನ ಮರ ಇವೆ. ಯಾವ ಫಾರ್ಮ್ಯಾಟ್‌ನಲ್ಲೂ ತೆಂಗಿನಕಾಯಿ ಇಲ್ಲ! ಕಾಯಿ ಯಾರದು, ಮರ ಹತ್ತುವವರ ಕೂಲಿ ಯಾರು ಕೊಡಬೇಕು, ಒಣಗಿದ ಗರಿ ಪಕ್ಕದವರ ಕಾರಿನ ಮೇಲೆ ಬಿದ್ದರೆ ಯಾರ ತಲೆಗೆ? ನಗಬೇಡಿ, ಮೈಸೂರಿನ ಹಳೆ ಬಡಾವಣೆಗಳಲ್ಲಿ ಇದಕ್ಕೇ ಮಾತು ಬಿಟ್ಟವರಿದ್ದಾರೆ. ಅಮ್ಮ ತೀರ್ಮಾನ ಹೇಳಿದರು. ಕಾಯಿ ಬಾಡಿಗೆಯವರದು, ಕೂಲಿಯೂ ಅವರದೇ. ಪ್ರತಿ ಕೊಯ್ಲಿಗೆ ಹತ್ತು ಕಾಯಿ ಅಮ್ಮನಿಗೆ ಎತ್ತಿಡಬೇಕು. ಡಿಟಿಪಿ ಅಂಗಡಿಯವರು ಅದನ್ನು ಟೈಪ್ ಮಾಡುತ್ತ, "ಮೇಡಂ, ಸುಲಿದಿದ್ದೋ ಸುಲಿಯದೇ ಇದ್ದಿದ್ದೋ?" ಅಂತ ಕೇಳಿದರು. ಸುಲಿದಿದ್ದು ಅಂತ ಸೇರಿತು.

ಬೋರ್ಡ್ ಹಾಕುವಾಗ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬರೆಯಿರಿ ಅಂತ ಬೀದಿಯ ಹಿರಿಯರೊಬ್ಬರು ಹೇಳಿದ್ದರು. ಬರೆಯಲಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಫೋನ್‌ನಲ್ಲಿ ಮೊದಲ ಪ್ರಶ್ನೆಯೇ "ನೀವು ಯಾವ ಜನ?" ಅಂತ ಇರುತ್ತಿತ್ತು. ಆ ಪ್ರಶ್ನೆ ಕೇಳಿಸಿಕೊಂಡವನು ಅದನ್ನೇ ಇನ್ನೊಬ್ಬರಿಗೆ ಕೇಳಬಾರದು. ಅಮ್ಮ ಶುದ್ಧ ಸಸ್ಯಾಹಾರಿ. ಅವರದು ಒಂದೇ ಮಾತು: "ಅವರ ಒಲೆ, ಅವರ ಅಡುಗೆ. ಒಲೆ ಕ್ಲೀನಾಗಿರಲಿ ಸಾಕು."

ಇನ್ನು ಛಾಪಾ ಕಾಗದ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಗೊತ್ತಲ್ಲ, ಅದಾದ ಮೇಲೆ ನಮ್ಮಲ್ಲಿ ಹಳೆ ಕಾಗದ ಹೋಗಿ ಇ-ಸ್ಟಾಂಪ್ ಬಂತು. ನಾವು ಕರಾರು ಬರೆಸುವಾಗ ಅದನ್ನು ಸೌಹಾರ್ದ ಸಹಕಾರಿ ಸಂಘಗಳಲ್ಲಿ ಕೊಡುತ್ತಿದ್ದರು. ಇಬ್ಬರ ಹೆಸರು, ಯಾವ ಬಗೆಯ ಪತ್ರ, ಯಾರು ಶುಲ್ಕ ಕಟ್ಟಿದರು ಎಲ್ಲ ಅದರ ಮೇಲೇ ಮುದ್ರೆಯಾಗಿ ಬರುತ್ತದೆ. ಒಂದು ನಂಬರ್ ಇರುತ್ತದೆ, ಅದನ್ನು ಆನ್‌ಲೈನ್‌ನಲ್ಲಿ ಹಾಕಿ ಅಸಲಿಯೋ ಅಂತ ನೋಡಬಹುದು. "ನೂರು ರೂಪಾಯಿದು ಸಾಕು ಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ಶುಲ್ಕ ಬಾಡಿಗೆ ಮತ್ತು ಅಡ್ವಾನ್ಸ್ ಮೇಲೆ ನಿಂತಿದೆ, ಸುಮ್ನೆ ಒಂದು ನೋಟಿನ ಮೇಲಲ್ಲ. ಕಡಿಮೆ ಕಟ್ಟಿದ ಕರಾರನ್ನು ಕೋರ್ಟ್ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ನಾಲ್ಕು ಕಾಸು ಉಳಿಸಲು ಹೋಗಿ ಬೇಕಾದ ದಿನವೇ ಕೈಕೊಡುವ ಕಾಗದ ಯಾಕೆ?

ಬಾಡಿಗೆಯವರು ಬಿಡದೆ ಕುಳಿತರೆ ನೀರು ನಿಲ್ಲಿಸಿ, ಫ್ಯೂಸ್ ಕೀಳಿ ಅಂತ ಸಲಹೆ ಕೊಡುವವರಿಗೇನೂ ಕಮ್ಮಿಯಿಲ್ಲ. ಕರಾರು ಮುಗಿದಿದ್ದರೂ ಬಲವಂತವಾಗಿ ಹೊರಗೆ ಹಾಕುವ ಹಾಗಿಲ್ಲ, ಕೋರ್ಟ್ ಮೂಲಕವೇ ಹೋಗಬೇಕು. ಮಾದರಿ ಕಾಯ್ದೆಯಲ್ಲಿ ಅವಧಿ ಮೀರಿ ಕುಳಿತವರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಅಂತಿದೆ. ನಾವು ಎರಡು ಪಟ್ಟು ಅಂತ ಬರೆದು ನಿಲ್ಲಿಸಿದೆವು.

ಸಹಿಯ ದಿನ ಆಕೆ ಎರಡು ಬದಲಾವಣೆ ಕೇಳಿದರು. ಕಚೇರಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಪಡೆಯಲು ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಬೇಕು. ಅದು ಕರಾರಿನಲ್ಲೇ ಇರಲಿ ಅಂದರು. ಅಮ್ಮನ ಪ್ಯಾನ್ ಸೇರಿಸಿದೆವು. ಕೆಲವು ಓನರ್‌ಗಳು ಪ್ಯಾನ್ ಅಂದರೆ ಬೆಚ್ಚುತ್ತಾರೆ. ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನು ಖರ್ಚಿನ ಲೆಕ್ಕಕ್ಕೆ ಬಿಟ್ಟೇ ತೆರಿಗೆ ಹಾಕುವುದು. ಅಷ್ಟಕ್ಕೆ ಮುಚ್ಚಿಡುವುದೇನು?

ಎರಡನೆಯದು ಗೃಹಜ್ಯೋತಿ, ಮನೆಗಳಿಗೆ ಉಚಿತ ಕರೆಂಟ್ ಕೊಡುವ ಸರ್ಕಾರದ ಯೋಜನೆ. 2023ರ ಜುಲೈನಿಂದ ಬಂದ ಈ ಯೋಜನೆಯಲ್ಲಿ ಬಾಡಿಗೆಯವರೂ ಮೀಟರ್‌ನ ಆರ್‌ಆರ್ ನಂಬರಿಗೆ ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ನಮ್ಮ ಮೀಟರ್‌ಗೆ ಅಮ್ಮನ ಆಧಾರ್ ಇತ್ತು. ಅದನ್ನು ಬಿಡಿಸದೆ ಅವರದು ಸೇರುವುದಿಲ್ಲ. ಅವರು ಮನೆ ಬಿಡುವಾಗಲೂ ಬಿಡಿಸಿಕೊಂಡೇ ಹೋಗಬೇಕು. ಇಲ್ಲದಿದ್ದರೆ ಮುಂದೆ ಬರುವವರು ಪರದಾಡುತ್ತಾರೆ, ಇವರಿಗೂ ಹೊಸ ಮನೆಯಲ್ಲಿ ತೊಡಕು. ಟೈಪ್ ಆಗಿದ್ದ ಕರಾರಿನ ಕೊನೆಯಲ್ಲಿ ಜಾಗ ಇತ್ತು. ಕೀ ಕೊಡುವ ಮುಂಚೆ ಆಧಾರ್ ಬಿಡಿಸಿದ ರಸೀದಿ, ಸೆಸ್ಕ್‌ನ ಕೊನೆ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಮೂರನ್ನೂ ತೋರಿಸತಕ್ಕದ್ದು ಅಂತ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಅಮ್ಮ, ಆಕೆ, ಆಕೆಯ ಗಂಡ ಮೂವರೂ ಸಹಿ ಹಾಕಿದರು. ಸಾಕ್ಷಿಗೆ ನಾನು ಮತ್ತು ಪಕ್ಕದ ಮನೆಯವರು.